ಗಿಂಡಿಯಲ್ಲಿ ಮುಳುಗಿದ ಕರ್ಪೂರ

ಕರ್ಪೂರ ನೀರಿನಲ್ಲಿ ಕರಗುವುದಿಲ್ಲ. ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ವರ್ಷವರ್ಷವೂ ಇದನ್ನು ಹೇಳುವವಳು ನಾನು. ಹೆಸರು ಅರ್ಪಿತ, ಓದಿದ್ದು ಕೆಮಿಸ್ಟ್ರಿ ಎಂ.ಎಸ್ಸಿ., ಕೆಲಸ ಅತಿಥಿ ಉಪನ್ಯಾಸಕಿ. ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಮೊನ್ನೆ ಒಬ್ಬಳು ಹುಡುಗಿ ಎದ್ದು ನಿಂತು, "ಮೇಡಂ, ಇದ್ರಿಂದ ಜೀವನದಲ್ಲಿ ಏನುಪಯೋಗ?" ಅಂತ ಕೇಳಿದಳು. ಕೈಯಲ್ಲಿದ್ದ ಡಸ್ಟರನ್ನು ಎಸೆಯುವುದೊಂದು ಬಾಕಿ. ಕೂತ್ಕೊಳಮ್ಮ ಅಂದೆ. ಅವಳಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಪಾಠ. ಗಾಬರಿಯಾಗಬೇಡಿ, ಸಣ್ಣದು. ನೀರಿನ ಒಂದೊಂದು ಅಣುವೂ ಪಕ್ಕದ ಅಣುವಿನ ಕೈ ಹಿಡಿದುಕೊಂಡಿರುತ್ತದೆ. ಆ ಹಿಡಿತಕ್ಕೆ ಹೈಡ್ರೋಜನ್ ಬಂಧ ಅಂತ ಹೆಸರು. ಸಕ್ಕರೆಯ ಮೈ ತುಂಬ ಅಂಥ ಕೈಗಳೇ. ಬಂದವಳೇ ಎಲ್ಲರ ಕಡೆಗೂ ಕೈ ಚಾಚುತ್ತಾಳೆ, ನೀರು ಸರಿದು ಜಾಗ ಮಾಡುತ್ತದೆ, ಕರಗಿ ಒಳಗೆ ಸೇರಿಕೊಳ್ಳುತ್ತಾಳೆ. ಕರ್ಪೂರಕ್ಕೆ ಇರುವುದು ಒಂದೇ ಒಂದು ಆಕ್ಸಿಜನ್. ಮಿಕ್ಕ ಮೈಯೆಲ್ಲ ಇಂಗಾಲ, ಜಲಜನಕ, ಎಣ್ಣೆಯ ಜಾತಿ. ಅವಳ ಆ ಒಂದು ಕೈಗಾಗಿ ತಾವು ಹಿಡಿದುಕೊಂಡ ಕೈ ಬಿಡುವುದಕ್ಕೆ ನೀರಿನ ಅಣುಗಳಿಗೆ ಮನಸ್ಸಿಲ್ಲ. ಹಾಗಾಗಿ ಕರ್ಪೂರ ಮೇಲೆಯೇ ತೇಲುತ್ತದೆ. ಸ್ಪಿರಿಟ್ಟಿನ ಕತೆ ಬೇರೆ. ಅದಕ್ಕೆ ಒಂದು ಕಡೆ ನೀರಿಗೆ ಒಗ್ಗುವ ಕೈ ಇದೆ, ಇನ್ನೊಂದು ಕಡೆ ಎಣ್ಣೆಗೆ ಒಗ್ಗುವ ಮೈ ಇದೆ. ನೀರಿನ ಜೊತೆಗೂ ಸೈ, ಕರ್ಪೂರದ ಜೊತೆಗೂ ಸೈ. ಅದರಲ್ಲಿ ಹಾಕಿದರೆ ಕರ್ಪೂರ ಇತ್ತು ಅನ್ನುವ ಗುರುತೂ ಉಳಿಯುವುದಿಲ್ಲ.

ನನ್ನ ಮೈದುನ ರಘುನಂದನ್‌ಗೆ ಈ ಪಾಠ ಹೇಳಿಕೊಟ್ಟವಳು ನಾನೇ. ನಾನು ಮದುವೆಯಾಗಿ ಬಂದಾಗ ಅವನು ಡಿ.ಫಾರ್ಮಾದಲ್ಲಿ ಕೆಮಿಸ್ಟ್ರಿ ಫೇಲಾಗಿ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಅತ್ತೆ ಸೋಮಮ್ಮ ದಿನಾ ಅವನಿಗೆ ಮಂಗಳಾರತಿ ಎತ್ತುತ್ತಿದ್ದರು. ಪಾಪ ಅನ್ನಿಸಿ ನಾನೇ ಪುಸ್ತಕ ಹಿಡಿದೆ. ಅಡುಗೆಮನೆಯಲ್ಲಿ ಎರಡು ಗಾಜಿನ ಲೋಟ ಇಟ್ಟು, ಒಂದಕ್ಕೆ ನೀರು, ಒಂದಕ್ಕೆ ಸ್ಪಿರಿಟ್ಟು ಹಾಕಿ ತೋರಿಸಿದೆ. ನೀರಿನಲ್ಲಿ ಕರ್ಪೂರ ತೇಲಿಕೊಂಡು ಅತ್ತಿತ್ತ ಓಡಾಡಿತು. ಸ್ಪಿರಿಟ್ಟಿನಲ್ಲಿ ತಳಕ್ಕೆ ಮುಳುಗಿ, ನೋಡನೋಡುತ್ತ ಮಾಯವಾಯಿತು. "ಅತ್ತಿಗೆ, ಮ್ಯಾಜಿಕ್ಕು ಕಣತ್ತಿಗೆ!" ಅಂತ ಚಪ್ಪಾಳೆ ತಟ್ಟಿದ. ತಡಿ, ಇನ್ನೂ ಇದೆ ಅಂದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಅತ್ತೆ ಕೂಗಿದರು, ಪಾಠ ಅಲ್ಲಿಗೇ ನಿಂತಿತು. ಆ ಸಲ ಅವನು ಪಾಸಾದ. ಪಾಂಡವಪುರದಲ್ಲಿ ಮೆಡಿಕಲ್ ಸ್ಟೋರು ಹಾಕಿದ. ಪೂಜೆಯ ದಿನ ನನ್ನ ಕಾಲಿಗೆ ಬಿದ್ದು ಎದ್ದ ಮಹಾನುಭಾವ ಅವನು.

ನಮ್ಮ ಅತ್ತೆ ಮನೆ ತೊಣ್ಣೂರು ಕೆರೆಗೆ ಹತ್ತಿರದ ಊರು. ಗದ್ದೆ, ಕಬ್ಬು, ಕೊಟ್ಟಿಗೆ ತುಂಬ ಹಸು. ನನ್ನ ಗಂಡ ರವೀಂದ್ರ ಊರಿನ ಡೇರಿ ಸೆಕ್ರೆಟರಿ. ಬೆಳಗ್ಗೆ ಸಂಜೆ ಊರಿನವರ ಹಾಲಿಗೆಲ್ಲ ಲ್ಯಾಕ್ಟೋಮೀಟರು ಅದ್ದಿ, ಯಾರು ಎಷ್ಟು ನೀರು ಬೆರೆಸಿದ್ದಾರೆ ಅಂತ ಮುಖ ನೋಡದೆ ಹೇಳಿಬಿಡುವ ಮನುಷ್ಯ. ಹೊರಗೆ ಅಷ್ಟು ಖಡಕ್ಕು. ಮನೆಯಲ್ಲಿ ಅವರಮ್ಮನ ಎದುರಿಗೆ ಉಸಿರು ಬಿಡಲೂ ಹೆದರುತ್ತಾರೆ.

ಈ ಮನೆತನಕ್ಕೆ ಒಂದು ಪದ್ಧತಿ ಇದೆ. ಹೊಸದರಲ್ಲಿ ಅದನ್ನು ನನಗೆ ಹೇಳಿದವರು ದೊಡ್ಡಮಾವ ಕೆಂಪಣ್ಣನವರು, ಅಂದರೆ ನನ್ನ ತೀರಿಹೋದ ಮಾವನವರ ಅಣ್ಣ, ಮನೆತನಕ್ಕೆ ಯಜಮಾನರು. ಮನೆಯೊಳಗೆ ಯಾರ ಮೇಲಾದರೂ ಅನುಮಾನ ಬಂದರೆ ಪೊಲೀಸಿಲ್ಲ, ಪಂಚಾಯ್ತಿಯಿಲ್ಲ, ಕರ್ಪೂರ ಬಿಡುವುದು. ಮನೆಯ ಗಂಡಸೊಬ್ಬ ಕೆರೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿಯೇ ಸಣ್ಣ ಬೆಳ್ಳಿ ಗಿಂಡಿಯಲ್ಲಿ ಕೆರೆಯ ನೀರು ತರಬೇಕು. ದೇವರ ಮುಂದೆ ಅದನ್ನಿಟ್ಟ ಮೇಲೆ ಅನುಮಾನಕ್ಕೆ ಗುರಿಯಾದವರು ಒಂದು ಹಿಡಿ ಕರ್ಪೂರವನ್ನು ಅದರೊಳಗೆ ಬಿಡಬೇಕು. ಒಂದು ಊದುಬತ್ತಿ ಉರಿದು ಮುಗಿಯುವ ತನಕ ಎಲ್ಲರೂ ಕೂತಿರಬೇಕು. ಕರ್ಪೂರ ಹಾಗೇ ಇದ್ದರೆ ತಪ್ಪಿಲ್ಲ. ಕರಗಿದರೆ ಕಳ್ಳರು. ಅವರನ್ನು ಕೆರೆಗಿಳಿಸಿ, ಮುಳುಗಿಸಿ, ಅದೇ ಗಿಂಡಿಯ ನೀರನ್ನು ತಲೆಗೆ ಸುರಿದು, ಉಟ್ಟ ಬಟ್ಟೆಯಲ್ಲೇ ಕಳಿಸಿಬಿಡುವುದು.

"ಯಾರದಾದ್ರೂ ಕರಗಿತ್ತಾ ದೊಡ್ಮಾವ?" ಅಂತ ಕೇಳಿದ್ದೆ.

"ಇಲ್ಲ ಕಣವ್ವ. ನಮ್ಮಪ್ಪನ ಕಾಲ್ದಲ್ಲೂ ಇಲ್ಲ, ಅವ್ರಪ್ಪನ ಕಾಲ್ದಲ್ಲೂ ಇಲ್ಲ. ನಮ್ ಮನೇಲಿ ಕಳ್ರು ಉಟ್ಟಿಲ್ಲ," ಅಂದರು. ಹೇಳುವಾಗ ಮೀಸೆ ಕುಣಿಯುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ. ಕರಗುವುದಕ್ಕೆ ಅದೇನು ಸಕ್ಕರೆಯೇ? ಕರ್ಪೂರ ಸ್ವಾಮಿ! ಯಾವ ಕಳ್ಳ ಬಿಟ್ಟರೂ ತೇಲುತ್ತದೆ. ಆಮೇಲೆ ಯೋಚಿಸಿದಾಗ ಇದನ್ನು ಶುರು ಮಾಡಿದ ಹಿರಿಯರ ಮೇಲೆ ಪ್ರೀತಿ ಬಂತು. ಯಾರೂ ಸೋಲದ ಪರೀಕ್ಷೆ. ಜಗಳ ಮುಗಿಯಬೇಕು, ಮನೆ ಒಡೆಯಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಎಷ್ಟು ಒಳ್ಳೆಯ ಮನೆಗೆ ಬಂದೆ ಅಂದುಕೊಂಡೆ.

ಈಗ ಸರದ ವಿಷಯ. ಅತ್ತೆಯ ಹತ್ತಿರ ಅವರ ತವರಿನ ಕಾಸಿನ ಸರ ಇತ್ತು. ಗೌರಿ ಹಬ್ಬಕ್ಕೆ ಅದನ್ನು ನನ್ನ ಮಗಳು ಚಿನ್ನುವಿನ ಕೊರಳಿಗೆ ಹಾಕುತ್ತಿದ್ದರು. ಎರಡನೇ ಕ್ಲಾಸಿನ ಮಗು, ಸರ ಹೊಕ್ಕುಳ ತನಕ ಇಳಿಯುತ್ತಿತ್ತು. "ನೀನ್ ದೊಡ್ಡವ್ಳಾದ್ಮೇಲೆ ಇದು ನಿಂದೇ ಕಣವ್ವ," ಅನ್ನುತ್ತಿದ್ದರು. ಮಗು ಕನ್ನಡಿ ಮುಂದಿನಿಂದ ಕದಲುತ್ತಿರಲಿಲ್ಲ. ಕಳೆದ ಹಬ್ಬದ ಸಂಜೆ ಅದನ್ನು ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟವಳು ನಾನು. ಅತ್ತೆಯೇ ಇಡು ಅಂದಿದ್ದರು. ದೀಪಾವಳಿಗೆ ಬೀರು ತೆಗೆದರೆ ಹತ್ತಿ ಇದೆ, ಸರ ಇಲ್ಲ.

ನನ್ನ ಮುಖಕ್ಕೆ ನೇರವಾಗಿ ಕಳ್ಳಿ ಅಂದಿದ್ದರೆ ನಾನೂ ಎರಡು ಮಾತು ಬಿಗಿದು ಬಿಡುತ್ತಿದ್ದೆ. ಹಾಗೆ ಅನ್ನಲಿಲ್ಲ ಆ ಮಹಾತಾಯಿ. ಮಗುವಿಗೆ ಹೇಳಿದರು. ನಾನು ಕಾಲೇಜಿಗೆ ಬಸ್ಸು ಹತ್ತಿದ ಮೇಲೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅನ್ನ ಕಲಸಿ ಬಾಯಿಗಿಡುತ್ತ ಹೇಳಿದರು. "ನಿನ್ ಸರ ಎಲ್ಲೋಯ್ತು ಅಂತ ನಿಮ್ಮಮ್ಮನ್ನೇ ಕೇಳವ್ವ. ನಾಗಮಂಗ್ಲದ ಕಡೆಗೆ ಓಗೈತೇನೋ." ನನ್ನ ತವರು ನಾಗಮಂಗಲ. ಅಲ್ಲಿಯ ನೆಲ ಒಣ, ಅಲ್ಲಿಯ ಜನಕ್ಕೆ ಆಸೆ ಜಾಸ್ತಿ ಅಂತ ಈ ನಾಲೆ ನೀರಿನ ಜನದ ಲೆಕ್ಕ.

ಚಿನ್ನು ನನ್ನನ್ನು ಏನೂ ಕೇಳಲಿಲ್ಲ. ಅದರ ಬದಲು ತನ್ನ ಸಾಮಾನು ಬಚ್ಚಿಡಲು ಶುರು ಮಾಡಿದಳು. ಕಾಲುಗೆಜ್ಜೆ ಅಜ್ಜಿಯ ದಿಂಬಿನ ಕೆಳಗೆ ಹೋಯಿತು. ಹುಟ್ಟುಹಬ್ಬದ ಬೆಳ್ಳಿ ಬಳೆ ಅಕ್ಕಿ ಡಬ್ಬದೊಳಗೆ ಸಿಕ್ಕಿತು. ಒಂದು ಬೆಳಗ್ಗೆ ಜಡೆ ಹಾಕೋಣ ಅಂತ ಕೂರಿಸಿಕೊಂಡರೆ ಕಿವಿಯ ಓಲೆ ಎರಡನ್ನೂ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಯಾಕೆ ಪುಟ್ಟ?"

"ಅಜ್ಜಿ ಯೋಳವ್ರೆ. ಅಮ್ಮನ ಕೈಗೆ ಒಡವೆ ಸಿಗಬಾರದಂತೆ."

ಬಾಚಣಿಗೆ ನನ್ನ ಕೈಯಲ್ಲೇ ನಿಂತುಹೋಯಿತು. ಸರ ಹಾಳಾಗಿ ಹೋಗಲಿ, ಅತ್ತೆಯ ಮಾತು ಮಣ್ಣಾಗಿ ಹೋಗಲಿ, ನಾನು ಹೆತ್ತ ಮಗು ನನಗೆ ಹೆದರಿ ಮುಷ್ಟಿ ಬಿಗಿದು ಕೂತಿತ್ತು. ನನಗೆ ಬೇರೇನೂ ಬೇಡವಾಗಿತ್ತು. ಆ ಮುಷ್ಟಿ ಬಿಚ್ಚಬೇಕಾಗಿತ್ತು, ಅಷ್ಟೇ.

ಅವತ್ತೇ ಸಂಜೆ ನಡುಮನೆಯಲ್ಲಿ ಎಲ್ಲರೂ ಇದ್ದಾಗ ಹೇಳಿಬಿಟ್ಟೆ. "ಕರ್ಪೂರ ಬಿಡ್ತೀನಿ. ದೊಡ್ಮಾವನ್ನ ಕರೆಸಿ. ಚಿನ್ನು ಮುಂದೇನೇ ಆಗ್ಬೇಕು."

ನನ್ನ ಗಂಡ ಚಾ ಲೋಟ ಕೆಳಗಿಟ್ಟರು. "ಬುಡು ಅರ್ಪಿತಾ, ಸುಮ್ನೆ ಯಾಕೆ ಅದೆಲ್ಲ."

"ಸುಮ್ನೆ ಅಲ್ಲ ಕಣ್ರೀ. ನಿಮ್ಮ ಮಗಳನ್ನ ಕೇಳಿ, ಸುಮ್ನೆನಾ ಅಂತ."

ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅವರು ಇದನ್ನು ಎಣಿಸಿರಲಿಲ್ಲ ಅಂತ ಕಾಣುತ್ತದೆ. ರಘು ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದ. ತಲೆಯೆತ್ತದೆ, ತುಂಬ ಮರ್ಯಾದೆಯಿಂದ ಹೇಳಿದ. "ಕೆರೆಯಿಂದ ನೀರು ನಾನು ತತ್ತೀನಿ ಬುಡಿ ಅತ್ತಿಗೆ."

ನೋಡಿ, ಆ ಕ್ಷಣದಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಈ ಮನೆಯಲ್ಲಿ ಒಬ್ಬನಾದರೂ ನನ್ನ ಪಾಠ ನೆನಪಿಟ್ಟುಕೊಂಡಿದ್ದಾನೆ, ಕರ್ಪೂರ ಕರಗುವುದಿಲ್ಲ ಅಂತ ಗೊತ್ತಿದ್ದೇ ಮುಂದೆ ಬಂದಿದ್ದಾನೆ ಅಂದುಕೊಂಡೆ. ಥೂ ನನ್ನ ಬುದ್ಧಿಗಿಷ್ಟು!

ಭಾನುವಾರ ಬೆಳಗ್ಗೆ ಕೆಂಪಣ್ಣನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಅಕ್ಕಪಕ್ಕದ ಮನೆಯ ಹೆಂಗಸರು ಬಾಗಿಲಲ್ಲಿ ಜಮಾಯಿಸಿದರು. ಚಿನ್ನು ಅಜ್ಜಿಯ ತೊಡೆ ಬಿಟ್ಟು ಏಳಲಿಲ್ಲ. ನಾನು ಎದುರಿಗೆ ಕೂತು, "ನೋಡ್ತಿರು ಪುಟ್ಟ, ಅಮ್ಮ ಬಿಟ್ಟ ಕರ್ಪೂರ ತೇಲುತ್ತೆ," ಅಂದೆ. ಅವಳು ಮುಖ ಅತ್ತ ತಿರುಗಿಸಿದಳು. ದೇವರ ಮನೆಯಲ್ಲಿ ಅತ್ತೆ ಹಾಕಿದ ಸಾಂಬ್ರಾಣಿಯ ಹೊಗೆಗೆ ಪಟಗಳೂ ಸರಿಯಾಗಿ ಕಾಣುತ್ತಿರಲಿಲ್ಲ.

ರಘು ಬಂದ. ಒದ್ದೆ ಪಂಚೆ, ಒದ್ದೆ ತಲೆ, ಕೈಯಲ್ಲಿ ಗಿಂಡಿ, ಗಿಂಡಿಯ ಬಾಯಿಗೆ ವೀಳ್ಯದೆಲೆ, ಅದರ ಮೇಲೆ ಒದ್ದೆ ಬಟ್ಟೆ. ಅದನ್ನು ಅವನು ದೇವರ ಮುಂದಿಟ್ಟಾಗ ಸೂಜಿ ಚುಚ್ಚುವ ಮೊದಲು ಹತ್ತಿಯಲ್ಲಿ ಒರೆಸುತ್ತಾರಲ್ಲ, ಆ ವಾಸನೆ ಒಂಚೂರು ಮೂಗಿಗೆ ಬಂತು. ಅವನ ಮೈಯಿಂದ ಯಾವಾಗಲೂ ಮೆಡಿಕಲ್ ಸ್ಟೋರಿನ ವಾಸನೆ ಬರುತ್ತಿರುತ್ತದೆ. ಅದೇ ಇರಬೇಕು ಅಂದುಕೊಂಡೆ.

ಕೆಂಪಣ್ಣನವರು ಊದುಬತ್ತಿ ಹಚ್ಚಿ ಬಾಳೆಹಣ್ಣಿಗೆ ಚುಚ್ಚಿದರು. "ಬುಡವ್ವ," ಅಂದರು. ನಾನು ಹಿಡಿ ತುಂಬ ಕರ್ಪೂರ ತೆಗೆದುಕೊಂಡು, ಮಗಳ ಮುಖ ನೋಡುತ್ತ, ಗಿಂಡಿಯೊಳಗೆ ಬಿಟ್ಟೆ.

ಕರ್ಪೂರ ಮುಳುಗಿತು.

ಬಿಲ್ಲೆಗಳು ಒಂದರ ಮೇಲೊಂದು ತಳಕ್ಕೆ ಬಿದ್ದು ಬೆಳ್ಳಿಗೆ ತಾಕಿದ ಸದ್ದು ಕೇಳಿಸಿತು. ನೀರಿಗಿಂತ ಹಗುರವಾದದ್ದರಲ್ಲಿ ಮಾತ್ರ ಕರ್ಪೂರ ಹಾಗೆ ಮುಳುಗುತ್ತದೆ. ನಾನು ತಲೆಯೆತ್ತಿ ರಘುವನ್ನು ನೋಡಿದೆ. ಅವನು ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದ. ಸರ ಎಲ್ಲಿಗೆ ಹೋಯಿತು, ಯಾರು ತೆಗೆದರು, ಎಲ್ಲವೂ ಆ ಮುಚ್ಚಿದ ಕಣ್ಣಿನಲ್ಲಿ ನನಗೆ ಕಾಣಿಸಿತು.

"ಇದು ನೀರಲ್ಲ!" ಅಂತ ಕೂಗಿದೆ. "ದೊಡ್ಮಾವ, ಇದು ಸ್ಪಿರಿಟ್ಟು. ಇವನ ಅಂಗಡಿಯ ಸ್ಪಿರಿಟ್ಟು. ಮೂಸಿ ನೋಡಿ!"

ಕೆಂಪಣ್ಣನವರು ಬಗ್ಗಿ ಮೂಸಿದರು. "ಕರ್ಪೂರದ ವಾಸ್ನೆ ಕಣವ್ವ. ಇನ್ನೇನ್ ಬತ್ತದೆ?"

"ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿ."

"ಸತ್ಯದ ನೀರ್ನ ಎಂಜಲು ಮಾಡೋಕಾಯ್ತದಾ? ಏನ್ ಮಾತು ಅಂತ ಆಡ್ತೀಯ!"

"ಅಂಗಾದ್ರೆ ಚೆಲ್ಲಿ, ನೀವೇ ಹೋಗಿ ಬೇರೆ ನೀರು ತನ್ನಿ. ಇನ್ನೊಂದು ಸಲ ಬಿಡ್ತೀನಿ."

"ದೇವ್ರನ್ನ ಎಲ್ಡನೇ ಸತಿ ಕೇಳಕಿಲ್ಲ ಕಣವ್ವ," ಅಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ.

ಉಳಿದದ್ದು ಬೆಂಕಿಯೊಂದೇ. ಕಡ್ಡಿ ತಾಗಿಸಿದರೆ ಸ್ಪಿರಿಟ್ಟು ಹೊತ್ತಿಕೊಳ್ಳುತ್ತದೆ, ನೀರು ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಎಂ.ಎಸ್ಸಿ. ಬೇಕಾಗಿಲ್ಲ. ನಾನು ದೇವರ ದೀಪಕ್ಕೆ ಕೈ ಹಾಕಿದೆ. ಅತ್ತೆ ಕಿರುಚಿಕೊಂಡರು. "ಅಯ್ಯಯ್ಯೋ! ದೇವ್ರ ನೀರಿಗೆ ಬೆಂಕಿ ಇಕ್ತಾವ್ಳೆ! ಇಡ್ಕೊಳ್ರೋ ಅವಳ್ನ!" ಹಿಂದಿನಿಂದ ಬಂದು ನನ್ನ ಎರಡೂ ಮುಂಗೈ ಹಿಡಿದವರು ನನ್ನ ಗಂಡ. ಅವರ ಕಿವಿಯ ಹತ್ತಿರವೇ ಹೇಳಿದೆ. "ರೀ, ಊರಿನ ಹಾಲೆಲ್ಲ ಅಳೀತೀರಲ್ಲ. ನಿಮ್ಮ ಲ್ಯಾಕ್ಟೋಮೀಟರು ತಂದು ಇದಕ್ಕೆ ಒಂದ್ಸಲ ಅದ್ದಿ. ನೀರೋ ಅಲ್ಲವೋ ಗೊತ್ತಾಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ." ಅವರ ಹಿಡಿತ ಒಂದು ಗಳಿಗೆ ಸಡಿಲವಾಯಿತು. ಅತ್ತೆ ಅವರನ್ನು ನೋಡಿದರು. ಹಿಡಿತ ಮತ್ತೆ ಬಿಗಿಯಾಯಿತು.

ಚಿನ್ನು ಗಟ್ಟಿಯಾಗಿ ಅಳುತ್ತಿದ್ದಳು. ಅವಳು ಕಂಡದ್ದು ದೇವರ ಮನೆಗೆ ಬೆಂಕಿ ಇಡಲು ಹೊರಟ ಅಮ್ಮನನ್ನು.

ಊದುಬತ್ತಿ ಕಡ್ಡಿಯ ತನಕ ಉರಿಯಿತು. ಕೆಂಪಣ್ಣನವರು ಮೊಬೈಲಿನ ಟಾರ್ಚು ಹಾಕಿ ಗಿಂಡಿಯೊಳಗೆ ನೋಡಿದರು. ಅಲ್ಲಾಡಿಸಿ ನೋಡಿದರು. ತಳದ ಬೆಳ್ಳಿ ಹೊಳೆಯುತ್ತಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. "ನನ್ ಕಾಲ್ದಲ್ಲೇ ಆಗ್ಬೇಕಿತ್ತಾ ಇದು," ಅಂದರು. ಅವರು ಸುಳ್ಳು ಅಳಲಿಲ್ಲ. ಅದಕ್ಕೇ ನನಗೆ ಅವರನ್ನು ಇವತ್ತಿಗೂ ಬೈಯಲು ಬಾಯಿ ಬರುವುದಿಲ್ಲ, ಕ್ಷಮಿಸಲು ಮನಸ್ಸೂ ಬರುವುದಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರು ಗಲ್ಲ ಗಲ್ಲ ಬಡಿದುಕೊಂಡರು. ತಲೆತಲಾಂತರದಿಂದ ಯಾರೂ ಕಾಣದ್ದನ್ನು ಅವರು ಕಂಡಿದ್ದರು.

ಕೆರೆಗೆ ಹೊರಡಿಸಿದರು. ನಾನು ಅಂಗಳಕ್ಕೆ ಇಳಿಯುವಾಗ, ಅಳುವಿನ ನಡುವೆ, ಅರ್ಧಕ್ಕೆ ನಿಂತ ಪಾಠ ತಲೆಗೆ ಹೊಳೆಯಿತು. ಸ್ಪಿರಿಟ್ಟಿನಲ್ಲಿ ಕರಗಿದ ಕರ್ಪೂರ ಎಲ್ಲಿಗೂ ಹೋಗಿರುವುದಿಲ್ಲ. ಅದಕ್ಕೆ ನೀರು ಬೆರೆಸಿ ನೋಡಿ. ಸ್ಪಿರಿಟ್ಟು ನೀರಿನ ಕೈ ಹಿಡಿದುಕೊಂಡು ಹೊರಟುಬಿಡುತ್ತದೆ, ಕರ್ಪೂರದ ಕೈ ಬಿಡುತ್ತದೆ. ನೀರು ಅದನ್ನು ಒಳಗೆ ಸೇರಿಸುವುದಿಲ್ಲ. ಆಗ ಕರ್ಪೂರ ಬೆಳ್ಳಗೆ ಮತ್ತೆ ಎದ್ದುಬರುತ್ತದೆ. ಹಾಲು ಉಕ್ಕಿದ ದಿನ ರಘುವಿಗೆ ನಾನು ತೋರಿಸದೆ ಉಳಿದದ್ದು ಇದೇ. ಅವನಿಗೆ ಗೊತ್ತಿಲ್ಲ. ಗಿಂಡಿ ಸಣ್ಣದು, ಕರ್ಪೂರ ಒಂದು ಹಿಡಿ. ನನ್ನ ತಲೆಕೂದಲು ಮೊಣಕಾಲು ಮುಟ್ಟದಿದ್ದರೂ ಸೊಂಟ ಮುಟ್ಟುತ್ತದೆ. ಅದರ ತುಂಬ ಕೆರೆಯ ನೀರು ಇರುತ್ತದೆ. ಸುರಿಯಲಿ, ಧಾರಾಳವಾಗಿ ಸುರಿಯಲಿ!

ನಾನು ಕಣ್ಣೊರೆಸಿಕೊಂಡು ಎಲ್ಲರಿಗಿಂತ ಮುಂದೆ ನಡೆದೆ. ಕಬ್ಬಿನ ಗದ್ದೆಯ ಬದಿಯ ದಾರಿ, ಆ ಕಡೆ ಈ ಕಡೆ ಜನ ನಿಂತು ನೋಡುತ್ತಿದ್ದರು. ನನಗೆ ನಾಚಿಕೆ ಆಗಲಿಲ್ಲ. ಚಿನ್ನು ಅಜ್ಜಿಯ ಸೆರಗು ಹಿಡಿದು ಬರುತ್ತಿದ್ದಳು. ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿ ಹೇಳಿದೆ. "ಚಿನ್ನು, ಅಳಬೇಡ ಕಂದ. ನನ್ನ ತಲೆ ಮೇಲೇ ಕಣ್ಣಿಟ್ಟಿರು. ಹೋದ ಕರ್ಪೂರ ವಾಪಸ್ ಬರುತ್ತೆ. ಬಂದಾಗ ನಿಂಗೇ ಗೊತ್ತಾಗುತ್ತೆ ಅಮ್ಮ ಏನೂ ತಗೊಂಡಿಲ್ಲ ಅಂತ." ಅವಳು ಮೂಗೊರೆಸಿಕೊಂಡು, "ನಿಜವಾ?" ಅಂದಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ತಾನಾಗಿ ಆಡಿದ ಮಾತು ಅದು.

"ನಿಜ ಕಣೇ. ನಿನ್ನಾಣೆ," ಅಂದೆ.

ತೊಣ್ಣೂರು ಕೆರೆಯ ನೀರು ತಿಳಿ, ಕಾಲಿನ ಬೆರಳು ಕಾಣಿಸುತ್ತಿತ್ತು. ಸೊಂಟದ ಮಟ್ಟ ಇಳಿದು ಮುಳುಗಿ ಎದ್ದೆ. ಬೇಕಂತಲೇ ಮತ್ತೊಮ್ಮೆ ಮುಳುಗಿ, ಕೂದಲು ಚೆನ್ನಾಗಿ ನೆನೆಸಿಕೊಂಡೆ. ಸುರಿಯುವುದು ಗಂಡನ ಕೈಯಲ್ಲೇ ಆಗಬೇಕಂತೆ. ರವೀಂದ್ರ ಪ್ಯಾಂಟು ನೆನೆಸಿಕೊಂಡೇ ನೀರಿಗಿಳಿದು ನನ್ನ ಮುಂದೆ ನಿಂತರು. ನನ್ನ ಮುಖ ನೋಡಲಿಲ್ಲ. ಗಿಂಡಿ ಬೋರಲು ಹಾಕಿದರು. ಕಣ್ಣಿಗೆ ಇಳಿದದ್ದೇ ತಡ, ಮೆಣಸಿನ ಪುಡಿ ಎರಚಿದ ಹಾಗೆ ಉರಿಯಿತು. ಅಯ್ಯೋ ಅಂದುಕೊಂಡು ಎರಡು ಬೊಗಸೆ ಕೆರೆಯ ನೀರನ್ನು ನಾನೇ ನೆತ್ತಿಗೆ ಹೊಯ್ದುಕೊಂಡೆ.

ದಡದಲ್ಲಿ ಸದ್ದು ನಿಂತಿತು. ಉರಿಯುವ ಕಣ್ಣು ಬಿಟ್ಟು ನೋಡಿದರೆ ನನ್ನ ಹೆಗಲ ಮೇಲೆ, ಎದೆಯ ಮೇಲಿನ ಕೂದಲಿನಲ್ಲಿ, ಬೆಳ್ಳಗೆ, ಹಾಲಿನ ಕೆನೆಯ ಚೂರಿನ ಹಾಗೆ ಕರ್ಪೂರ. ನೆತ್ತಿ ಮುಟ್ಟಿಕೊಂಡೆ, ಕೈ ತುಂಬ ಕರ್ಪೂರ. ಸುತ್ತಲಿನ ನೀರಿನ ಮೇಲೂ ಬಿಳಿ ಪುಡಿ ತೇಲುತ್ತಿತ್ತು.

ನಾನು ನಕ್ಕುಬಿಟ್ಟೆ. ಹುಚ್ಚಿಯ ಹಾಗೆ ನಕ್ಕೆ. "ನೋಡಿ! ನೋಡ್ರಪ್ಪ ಎಲ್ಲಾರೂ! ಗಿಂಡೀಲಿ ಇದ್ದದ್ದು ಕೆರೆ ನೀರೇ ಆಗಿದ್ರೆ ಅಲ್ಲೂ ಕರಗ್ತಿರಲಿಲ್ಲ. ಅಲ್ಲಿ ಕರಗಿದ್ದು ಇಲ್ಲಿ ಯಾಕೆ ಕರಗಲಿಲ್ಲ? ಇದು ನೀರು, ಅದು ಸ್ಪಿರಿಟ್ಟು. ಕೇಳಿ ಅವನನ್ನ!" ರಘುವಿನ ಮುಖ ಸುಣ್ಣ ಬಳಿದ ಹಾಗೆ ಆಗಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಏರಿಯ ಕಲ್ಲಿಗೆ ಎಡವಿದ. ಆ ಗಳಿಗೆಯಲ್ಲಿ ಯಾರಾದರೂ ಅವನ ರಟ್ಟೆ ಹಿಡಿದಿದ್ದರೆ ಎಲ್ಲವನ್ನೂ ಕಕ್ಕಿಬಿಡುತ್ತಿದ್ದ.

ಕೆಂಪಣ್ಣನವರು ನೀರಿಗಿಳಿದು ಬಂದರು. ನನ್ನ ಹೆಗಲ ಮೇಲಿನ ಒಂದು ಚೂರು ತೆಗೆದು ಬೆರಳಿನಲ್ಲಿ ತಿಕ್ಕಿ ಮೂಸಿದರು. ನಾನು ಉಸಿರು ಹಿಡಿದು ಅವರ ಬಾಯನ್ನೇ ನೋಡುತ್ತಿದ್ದೆ.

"ವಾಪಸ್ ಬತ್ತದೆ ಅಂತ ದಾರೀಲೇ ಮಗೀಗೆ ಯೋಳ್ದಲ್ಲವ್ವ," ಅಂದರು. "ನಂಗ್ ಗೊತ್ತಿರ್ನಿಲ್ಲ, ರವೀಗ್ ಗೊತ್ತಿರ್ನಿಲ್ಲ, ಇಲ್ಲಿ ಯಾರ್ಗೂ ಗೊತ್ತಿರ್ನಿಲ್ಲ. ನಿಂಗ್ ಎಂಗ್ ಗ್ಯಾನ ಆಯ್ತು? ಬಚ್ಚಿಟ್ಟೋರ್ಗೆ ತಾನೆ ಎಲ್ಲೈತೆ ಅಂತ ಗೊತ್ತಿರದು?"

"ದೊಡ್ಮಾವ, ಅದು ಕೆಮಿಸ್ಟ್ರಿ…"

"ಕದ್ದಿದ್ನ ತಂದು ಅವಳ ತಲೆ ಮ್ಯಾಲೇ ಇಕ್ಬುಟ್ಟ ಕಣ್ ಭಾವ ದೇವ್ರು!" ಅಂತ ಅತ್ತೆ ದಡದಿಂದ ಕೂಗಿದರು. ಹೆಂಗಸರು ಹೌದೌದು ಅಂದು ಕೈ ಮುಗಿದರು. ರಘು ಕಲ್ಲಿನ ಮೇಲೆ ಕೂತು ಮುಖ ಒರೆಸಿಕೊಂಡ. ಅವನ ಮುಖಕ್ಕೆ ಬಣ್ಣ ಮರಳಿ ಬರುವುದನ್ನು ನಾನು ನೋಡುತ್ತಲೇ ನಿಂತಿದ್ದೆ. ಆಮೇಲೆ ಅವನೂ ಎದ್ದು ಕೈ ಮುಗಿದ.

ಹೋಗಲಿ ಅಂದುಕೊಂಡೆ. ಇವರೆಲ್ಲ ಹಾಳಾಗಿ ಹೋಗಲಿ. ನಾನು ಇದನ್ನು ಮಾಡಿದ್ದು ಇವರಿಗಲ್ಲ. "ಚಿನ್ನು," ಅಂದೆ. "ಬಾ ಪುಟ್ಟ. ನೀನು ನೋಡಿದೆ ತಾನೆ?"

ಅವಳು ಅಜ್ಜಿಯ ಸೆರಗು ಬಿಟ್ಟಳು. ಅಜ್ಜಿ ತಡೆಯಲು ಹೋದರೂ ಕೊಸರಿಕೊಂಡು, ಫ್ರಾಕು ನೆನೆಯುವುದನ್ನೂ ನೋಡದೆ, ನೀರಿನೊಳಗೆ ನನ್ನ ಹತ್ತಿರ ಬಂದಳು. ನಾನು ದಡದ ಕಡೆಗೆ ಬಂದು ಬಗ್ಗಿ ನಿಂತೆ. ಅವಳು ನನ್ನ ಕೂದಲಿನಿಂದ ಒಂದು ಬಿಳಿ ಚೂರು ಬಿಡಿಸಿ ತೆಗೆದು, ಮೂಗಿನ ಹತ್ತಿರ ಹಿಡಿದು ನೋಡಿದಳು. ಮುಖ ಅರಳಿತು.

"ಬಂತು ಕಣಮ್ಮ! ನೀನ್ ಯೋಳ್ದಂಗೇ ವಾಪಸ್ ಬಂತು."

"ಬಂತಲ್ಲ ಕಂದ. ಬಂತಲ್ಲ," ಅಂದೆ.

ಅವಳು ಹಿಂದಿರುಗಿ ಅಜ್ಜಿ ಕೇಳಿಸಿಕೊಳ್ಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡಳು. ನನ್ನ ಕಿವಿಗೆ ಬಾಯಿಟ್ಟು, ಮೆಲ್ಲಗೆ, ತುಂಬ ಪ್ರೀತಿಯಿಂದ ಹೇಳಿದಳು.

"ಅಂಗೇ ನನ್ ಸರಾನೂ ವಾಪಸ್ ಕೊಟ್ಬುಡಮ್ಮ. ನಾನ್ ಯಾರ್ಗೂ ಯೋಳಲ್ಲ."

ಬಿಗಿದ ಮುಷ್ಟಿ ಕೊನೆಗೂ ಬಿಚ್ಚಿತ್ತು. ಅಂಗೈ ಚಾಚಿಕೊಂಡು ನನ್ನ ಮುಂದೆ ನಿಂತಿದ್ದಳು.